ರೀಲು ಕೊಳ್ಳುವ ಮೊದಲು ಗಾಳಿ ನೋಡಿ

ಕುಂದಾಪುರದಲ್ಲಿ ನನ್ನದು ಗಡಿಯಾರ ರಿಪೇರಿಯ ಅಂಗಡಿ. ಒಂದು ಕಾಲಕ್ಕೆ ಮೇಜಿನ ಖಾನೆಗಳ ತುಂಬ ಎಚ್‌ಎಂಟಿ ವಾಚುಗಳೇ ಇರುತ್ತಿದ್ದವು. ಈಗ ಆ ಜಾಗಕ್ಕೆ ಗಾಳದ ರೀಲುಗಳು ಬಂದಿವೆ. ಹಳೆಯ ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು, ಎಣ್ಣೆ ಬಿಡುವ ಸೂಜಿ ಎಲ್ಲವೂ ಈ ಹೊಸ ಕೆಲಸಕ್ಕೂ ಒದಗುತ್ತವೆ. ಮಳೆಗಾಲ ಮುಗಿದು ಹೊಳೆಯ ಕೆಂಪು ನೀರು ತಿಳಿಯಾಗುತ್ತ ಬಂದ ಹಾಗೆ ಗಂಗೊಳ್ಳಿ, ಕೋಡಿ, ಹೆಮ್ಮಾಡಿ, ಮರವಂತೆ ಕಡೆಯ ಹುಡುಗರು ರೀಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರುತ್ತಾರೆ. ಹೆಚ್ಚಿನವರ ದೂರು ಒಂದೇ: “ಅಣ್ಣ, ಬಿಸಾಡಿದ್ ಕೂಡ್ಲೆ ದಾರ ಸಿಕ್ಕ್ ಆತ್ತ್. ಎಂತ ಆಯ್ತ್ ಕಾಣಿ.” ಬಿಚ್ಚಿ ನೋಡಿದರೆ ಬಹಳ ಸಲ ಒಳಗೆ ಕೆಟ್ಟದ್ದು ಏನೂ ಇರುವುದಿಲ್ಲ. ಆ ಹುಡುಗ ನಿಲ್ಲುವ ಜಾಗದ ಗಾಳಿಗೆ, ಅವನು ಎಸೆಯುವ ತೂಕಕ್ಕೆ ಹೊಂದದ ಬ್ರೇಕನ್ನು ಅವನಿಗೆ ಮಾರಿರುತ್ತಾರೆ, ಅಷ್ಟೆ.

ನಮ್ಮ ಕರಾವಳಿಯಲ್ಲಿ ರೀಲು ಕೊಳ್ಳುವವರು ಬೆಲೆ ನೋಡುತ್ತಾರೆ, ಬೇರಿಂಗ್ ಎಷ್ಟಿವೆ ಎಂದು ಕೇಳುತ್ತಾರೆ, ಬಣ್ಣ ನೋಡುತ್ತಾರೆ. ಬ್ರೇಕ್ ಯಾವ ಜಾತಿಯದು ಎಂದು ಕೇಳುವವರು ಅಪರೂಪ, ಹೇಳುವ ಅಂಗಡಿಯವರು ಇನ್ನೂ ಅಪರೂಪ. ಈ ಒಂದು ಪ್ರಶ್ನೆ ಕೇಳದೇ ಹೋದದ್ದರಿಂದ ಆಗುವ ನಷ್ಟ ಕೊಂಡವನ ಜೇಬಿಗೆ ಮಾತ್ರ ತಟ್ಟಿದ್ದರೆ ನಾನು ಪತ್ರಿಕೆಗೆ ಬರೆಯುವಷ್ಟು ದೂರ ಹೋಗುತ್ತಿರಲಿಲ್ಲ. ಅದು ಹೊಳೆಗೂ ಹೊಳೆಯನ್ನು ನಂಬಿದವರಿಗೂ ತಟ್ಟುತ್ತಿದೆ.

ಗಾಳ ಹಿಡಿಯದವರಿಗಾಗಿ ಮೊದಲು ಸ್ವಲ್ಪ ವಿವರಣೆ. ಸೇತುವೆಗಳ ಮೇಲೆ ಹೆಚ್ಚಾಗಿ ಕಾಣುವುದು ಸ್ಪಿನ್ನಿಂಗ್ ರೀಲು. ಕೋಲಿನ ಕೆಳಗೆ ನೇತಾಡುವ ಇದರಲ್ಲಿ ಎಸೆಯುವಾಗ ದಾರದ ಉಂಡೆ ತಿರುಗುವುದಿಲ್ಲ, ದಾರ ಅದರ ಅಂಚಿನಿಂದ ಸುರುಳಿಯಾಗಿ ಜಾರಿ ಹೋಗುತ್ತದೆ. ಬೈಟ್‌ಕಾಸ್ಟಿಂಗ್ ರೀಲು ಕೋಲಿನ ಮೇಲೆ ಕೂರುತ್ತದೆ. ಎಸೆದಾಗ ದಾರ ಸುತ್ತಿದ ಸ್ಪೂಲೇ ಗರಗರ ತಿರುಗಿ ದಾರ ಬಿಟ್ಟುಕೊಡುತ್ತದೆ. ದಪ್ಪ ದಾರ, ಭಾರದ ಮೀನು, ಮತ್ತು ಇಂಥ ಕಡೆಯೇ ಬೀಳಬೇಕು ಎಂಬ ಗುರಿ, ಈ ಮೂರಕ್ಕೂ ಇದು ಹೇಳಿ ಮಾಡಿಸಿದ್ದು. ಅಳಿವೆಯ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಅಡಗುವ ಕೆಂಬೇರಿ ಮೀನು, ಲೂರ್ ಎಂಬ ಕೃತಕ ಎರೆಯನ್ನು ಕಚ್ಚಿದ ಕ್ಷಣವೇ ಬೇರಿನೊಳಕ್ಕೆ ನುಗ್ಗುತ್ತದೆ. ಅದನ್ನು ಅಲ್ಲೇ ತಡೆದು ಹೊರಗೆಳೆಯಲು ಈ ರೀಲಿನಷ್ಟು ಗಟ್ಟಿ ಸಾಧನ ಬೇರೆ ಇಲ್ಲ. “ಸ್ಪಿನ್ನಿಂಗ್ ಸಾಕು, ಇದು ಶೋಕಿ” ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಕಷ್ಟ ಇರುವುದು ಆ ತಿರುಗುವ ಸ್ಪೂಲಿನಲ್ಲಿ. ಅದರ ವ್ಯಾಸ 34 ಮಿಲಿಮೀಟರ್ ಎಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 10.7 ಸೆಂಟಿಮೀಟರ್ ದಾರ ಹೊರಡುತ್ತದೆ. ಲೂರ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರಿದರೆ ಸ್ಪೂಲ್ ನಿಮಿಷಕ್ಕೆ 11,000 ಸುತ್ತಿಗಿಂತ ಹೆಚ್ಚು ತಿರುಗಬೇಕಾಗುತ್ತದೆ. ಎಚ್‌ಎಂಟಿ ಜನತಾ ವಾಚಿನ ಬ್ಯಾಲೆನ್ಸ್ ಗಂಟೆಗೆ 18,000 ಬಡಿತ ಬಡಿಯುತ್ತದೆ. ಅದನ್ನೇ ಸೂಕ್ಷ್ಮ ಎಂದು ಗೌರವಿಸುತ್ತ ಬಂದವನಿಗೆ, ಉಪ್ಪುನೀರಿನ ಮಧ್ಯೆ ಇಷ್ಟು ಬಿರುಸಾಗಿ ತಿರುಗಬೇಕಾದ ಈ ಪುಟ್ಟ ಚಕ್ರದ ಮೇಲೆ ಗೌರವ ಇನ್ನೂ ಹೆಚ್ಚು. ಹಾರುವ ಲೂರನ್ನು ಗಾಳಿ ತಡೆಯುತ್ತದೆ, ಅದು ನಿಧಾನವಾಗುತ್ತದೆ. ಸ್ಪೂಲಿಗೆ ಅದು ಗೊತ್ತಾಗುವುದಿಲ್ಲ, ತನ್ನ ವೇಗದಲ್ಲೇ ತಿರುಗುತ್ತ ಲೂರ್ ಕೇಳಿದ್ದಕ್ಕಿಂತ ಹೆಚ್ಚು ದಾರ ಬಿಡುತ್ತದೆ. ಸಡಿಲಾದ ದಾರ ಉಬ್ಬಿ, ಒಂದರೊಳಗೊಂದು ತೂರಿ, ಕಣ್ಣು ಮಿಟುಕಿಸುವುದರೊಳಗೆ ಗಂಟು. ಬ್ರೇಕಿನ ಕೆಲಸ ಇಷ್ಟೇ: ಲೂರ್ ನಿಧಾನವಾದ ಹಾಗೆ ಸ್ಪೂಲನ್ನೂ ನಿಧಾನ ಮಾಡುವುದು. ಕಡಿಮೆ ಹಿಡಿದರೆ ಗಂಟು. ಹೆಚ್ಚು ಹಿಡಿದರೆ ಲೂರ್ ಕಾಲ ಬುಡದಲ್ಲೇ ಬೀಳುತ್ತದೆ.

ಬಹುಕಾಲ ಈ ಕೆಲಸ ಮಾಡಿದ್ದು ಹೆಬ್ಬೆರಳು. ಈ ಬಗೆಯ ರೀಲನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯ ಪ್ಯಾರಿಸ್ ಎಂಬ ಪಟ್ಟಣದಲ್ಲಿ ರೂಪಿಸಿದ ಜಾರ್ಜ್ ಸ್ನೈಡರ್ ಗಡಿಯಾರ ಮತ್ತು ಬೆಳ್ಳಿ ಕೆಲಸದವರು. ಅವರ ರೀಲಿಗೆ ಹಲ್ಲಿನ ಗಾಲಿಗಳಿದ್ದವು, ಬ್ರೇಕ್ ಇರಲಿಲ್ಲ. ಆಮೇಲೆ ಸ್ವೀಡನ್ನಿನ ಸ್ವೆಂಗ್‌ಸ್ಟಾ ಊರಿನಲ್ಲಿ 1921ರಲ್ಲಿ ಕಾರ್ಲ್ ಆಗಸ್ಟ್ ಬೋರ್ಗ್‌ಸ್ಟ್ರೋಮ್ ಶುರು ಮಾಡಿದ ಗಡಿಯಾರದ ಕಾರ್ಖಾನೆ ಟ್ಯಾಕ್ಸಿ ಮೀಟರುಗಳನ್ನೂ ಮಾಡುತ್ತ, ಕೊನೆಗೆ ರೀಲಿನತ್ತ ತಿರುಗಿತು. 1952ರಲ್ಲಿ ಅಲ್ಲಿಂದ ಬಂದ ಕೆಂಪು ಬಣ್ಣದ ಅಂಬಾಸಡರ್ 5000, ಸೆಂಟ್ರಿಫ್ಯೂಗಲ್ ಬ್ರೇಕನ್ನು ಸಾಮಾನ್ಯ ಗಾಳಗಾರರ ಕೈಗೆ ತಂದ ರೀಲು. ನಮ್ಮ ಕಸುಬಿನವರ ಕೈ ಈ ಯಂತ್ರದ ಮೇಲೆ ಮೊದಲಿನಿಂದಲೂ ಇದೆ. ಹಾಗಾಗಿ ಇದರ ಬಗ್ಗೆ ಮಾತಾಡುವ ಹಕ್ಕು ನನಗೂ ಇದೆ ಎಂದು ಭಾವಿಸುತ್ತೇನೆ.

ಸೆಂಟ್ರಿಫ್ಯೂಗಲ್ ಬ್ರೇಕಿನ ಒಳಗೆ ನೋಡಿ. ಸ್ಪೂಲಿನ ಒಂದು ಬದಿಗೆ ನಾಲ್ಕೋ ಆರೋ ಕಡ್ಡಿಗಳು, ಅವುಗಳ ಮೇಲೆ ಜಾರುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಗಳು. ಸ್ಪೂಲ್ ತಿರುಗಿದಾಗ ಬಿಲ್ಲೆಗಳು ಹೊರಕ್ಕೆ ಎಸೆಯಲ್ಪಟ್ಟು ಸುತ್ತಲಿನ ಬಳೆಗೆ ಉಜ್ಜುತ್ತವೆ. ಆ ಉಜ್ಜುವಿಕೆಯೇ ಬ್ರೇಕ್. ಮ್ಯಾಗ್ನೆಟ್ ಬ್ರೇಕಿನಲ್ಲಿ ಯಾವುದೂ ಯಾವುದಕ್ಕೂ ತಾಗುವುದಿಲ್ಲ. ಪಕ್ಕದ ಮುಚ್ಚಳದಲ್ಲಿ ಆಯಸ್ಕಾಂತದ ಬಿಲ್ಲೆಗಳಿರುತ್ತವೆ, ಅವುಗಳ ಎದುರು ಅಲ್ಯೂಮಿನಿಯಂ ಸ್ಪೂಲ್ ತಿರುಗುತ್ತದೆ. ತಿರುಗುವ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ, ಅದು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯುತ್ತದೆ. ಹಳೆಯ ಕರೆಂಟ್ ಮೀಟರಿನ ಗಾಜಿನೊಳಗೆ ಅಲ್ಯೂಮಿನಿಯಂ ತಟ್ಟೆಯೊಂದು ಸುತ್ತುತ್ತಿದ್ದದ್ದು ನೆನಪಿದೆಯಲ್ಲ? ಅದು ಅಂಕೆ ಮೀರಿ ಓಡದಂತೆ ಹಿಡಿದಿಟ್ಟಿದ್ದು ಅದರ ಅಂಚನ್ನು ಮುಟ್ಟದೆಯೇ ಕಚ್ಚಿಕೊಂಡಂತಿದ್ದ ಒಂದು ಆಯಸ್ಕಾಂತ. ಅಲ್ಲಿನ ತತ್ವವೇ ಇಲ್ಲಿಯೂ ಇರುವುದು.

ಈ ಎರಡರ ನಡುವಿನ ವ್ಯತ್ಯಾಸ ಒಂದು ಸರಳ ಲೆಕ್ಕದಲ್ಲಿದೆ. ಬಿಲ್ಲೆಗಳನ್ನು ಹೊರಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಆಯಸ್ಕಾಂತದ ತಡೆ ಹೆಚ್ಚುಕಡಿಮೆ ವೇಗಕ್ಕೆ ಸಮನಾಗಿ ಬದಲಾಗುತ್ತದೆ. ಎಸೆತದ ಶುರುವಿನಲ್ಲಿ ಎರಡೂ ಸಮ ಹಿಡಿತ ಕೊಡುವಂತೆ ಹೊಂದಿಸಿದ್ದೇವೆ ಎನ್ನಿ. ಸ್ಪೂಲಿನ ವೇಗ ಅರ್ಧಕ್ಕೆ ಇಳಿದಾಗ ಮ್ಯಾಗ್ನೆಟ್ಟಿನ ಹಿಡಿತ ಅರ್ಧ ಉಳಿದಿರುತ್ತದೆ, ಸೆಂಟ್ರಿಫ್ಯೂಗಲ್ ಬ್ರೇಕಿನ ಹಿಡಿತ ಕಾಲು ಭಾಗಕ್ಕೆ ಇಳಿದಿರುತ್ತದೆ. ವೇಗ ಮೂರನೇ ಒಂದಕ್ಕೆ ಬಂದಾಗ ಮ್ಯಾಗ್ನೆಟ್ಟಿನಲ್ಲಿ ಮೂರನೇ ಒಂದು ಭಾಗ, ಸೆಂಟ್ರಿಫ್ಯೂಗಲ್‌ನಲ್ಲಿ ಒಂಬತ್ತನೇ ಒಂದು ಭಾಗ. ಒಂದು ಬ್ರೇಕ್ ಆರಂಭದಲ್ಲಿ ಬಿಗಿಹಿಡಿದು ಆಮೇಲೆ ಬಿಟ್ಟುಬಿಡುತ್ತದೆ. ಇನ್ನೊಂದು ಕೊನೆಯವರೆಗೂ ಸಣ್ಣಗೆ ಹಿಡಿದೇ ಇರುತ್ತದೆ. ಅಂಗಡಿಯ ಗಾಜಿನ ಕಪಾಟಿನ ಹಿಂದೆ ಈ ವ್ಯತ್ಯಾಸ ಕಾಣುವುದಿಲ್ಲ. ಹೊಳೆ ದಂಡೆಯಲ್ಲಿ ಮೊದಲ ಎಸೆತಕ್ಕೇ ಕಾಣುತ್ತದೆ.

ಮರವಂತೆಗೆ ಮಧ್ಯಾಹ್ನದ ಮೇಲೆ ಬನ್ನಿ. ಹೆದ್ದಾರಿ 66ರ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಬಿಸಿಲೇರಿದ ಮೇಲೆ ಪಡುವಣ ಗಾಳಿ ಎದ್ದರೆ ಸಂಜೆಯವರೆಗೆ ನಿಲ್ಲುವುದು ಕಡಿಮೆ. ಗಂಗೊಳ್ಳಿ ಅಳಿವೆಯ ಬಾಯಲ್ಲಿ, ಕೋಡಿಯಲ್ಲಿ, ಕುದ್ರು ಎನ್ನುವ ನಡುಗಡ್ಡೆಗಳ ನಡುವಿನ ಸಂದುಗಳಲ್ಲಿ ಅದೇ ಗಾಳಿ ಒಮ್ಮೆ ಎದುರಿಗೆ, ಒಮ್ಮೆ ಓರೆಯಾಗಿ, ಬಿಟ್ಟು ಬಿಟ್ಟು ಬೀಸುತ್ತದೆ. ಹತ್ತು ಹನ್ನೆರಡು ಗ್ರಾಂ ತೂಕದ ಲೂರ್ ಅರ್ಧ ದಾರಿ ಹೋದಾಗ ಗಾಳಿ ಒಮ್ಮೆ ಜೋರಾಗಿ ನೂಕಿತು ಎನ್ನಿ. ಆ ಹೊತ್ತಿಗೆ ಸೆಂಟ್ರಿಫ್ಯೂಗಲ್ ಬ್ರೇಕಿನ ಕೈಯಲ್ಲಿ ಉಳಿದಿರುವುದು ಶುರುವಿನ ಹಿಡಿತದ ಒಂದು ಚೂರು. ಸ್ಪೂಲಿನ ವೇಗ ಅರ್ಧಕ್ಕೆ ಇಳಿದಿದ್ದರೆ ಮ್ಯಾಗ್ನೆಟ್ಟಿನ ಹತ್ತಿರ ಅದರ ಎರಡು ಪಟ್ಟು ಇರುತ್ತದೆ. ಜೊತೆಗೆ ಮ್ಯಾಗ್ನೆಟ್ ಬ್ರೇಕಿನ ಚಕ್ರ ರೀಲಿನ ಹೊರಗೇ ಇದೆ. ಗಾಳಿ ಏರಿದಾಗ ಎರಡು ಮನೆ ಮೇಲಕ್ಕೆ, ಇಳಿದಾಗ ಕೆಳಕ್ಕೆ ಬೆರಳಲ್ಲೇ ತಿರುಗಿಸಬಹುದು. ಹಳೆಯ ಬಗೆಯ ಸೆಂಟ್ರಿಫ್ಯೂಗಲ್ ರೀಲಿನಲ್ಲಿ ಅಷ್ಟಕ್ಕೇ ಮುಚ್ಚಳ ತೆರೆದು, ಉಪ್ಪು ಮೆತ್ತಿದ ಒದ್ದೆ ಕೈಯಿಂದ ಬಿಲ್ಲೆಗಳನ್ನು ಒಂದೊಂದಾಗಿ ಒಳಕ್ಕೋ ಹೊರಕ್ಕೋ ಸರಿಸಬೇಕು. ಸೇತುವೆಯ ಮೇಲೆ ನಿಂತು ಹಾಗೆ ಮಾಡಹೋಗಿ ಮುಚ್ಚಳವನ್ನೇ ನೀರಿಗೆ ಬೀಳಿಸಿಕೊಂಡು ಬಂದವರಿಗೆ ಹೊಸ ಮುಚ್ಚಳ ಹುಡುಕಿ ಕೊಟ್ಟು ನನಗೆ ಸಾಕಾಗಿದೆ. ಹೊರಗಿನಿಂದಲೇ ತಿರುಗಿಸಬಹುದಾದ ಸೆಂಟ್ರಿಫ್ಯೂಗಲ್ ಬ್ರೇಕುಗಳೂ ಈಗ ಬಂದಿವೆ, ನಿಜ. ಆದರೆ ಹುಡುಗರು ಕೊಳ್ಳುವ ಬೆಲೆಯಲ್ಲಿ ಅವು ಸಿಗುವುದು ಕಷ್ಟ.

ಆದ್ದರಿಂದ ಅಳಿವೆ ಮತ್ತು ಹಿನ್ನೀರಿನಲ್ಲಿ ಗಾಳ ಹಾಕುವವರಿಗೆ, ಅದರಲ್ಲೂ ಮೊದಲ ಬೈಟ್‌ಕಾಸ್ಟಿಂಗ್ ರೀಲು ಕೊಳ್ಳುವವರಿಗೆ, ನನ್ನ ಮಾತು ಒಂದೇ: ಮ್ಯಾಗ್ನೆಟ್ ಬ್ರೇಕ್ ತೆಗೆದುಕೊಳ್ಳಿ.

ಇದಕ್ಕೆ ಬರುವ ಎದುರು ಮಾತನ್ನು ಬಲ್ಲೆ. “ಮ್ಯಾಗ್ನೆಟ್ ಕಲಿಯುವವರ ಬ್ರೇಕ್, ದೂರ ಹೋಗುವುದಿಲ್ಲ” ಎಂದು ಅನುಭವಿಗಳು ಹೇಳುತ್ತಾರೆ. ದೂರದ ಮಾತು ಸುಳ್ಳಲ್ಲ. ಕೊನೆಯವರೆಗೂ ಹಿಡಿದಿರುವ ಬ್ರೇಕ್ ಕೊನೆಯ ಕೆಲವು ಮೀಟರುಗಳನ್ನು ತಿಂದುಹಾಕುತ್ತದೆ. ಆದರೆ ನಮ್ಮ ಮೀನು ಇರುವುದು ದೂರದಲ್ಲೇ? ಕಾಂಡ್ಲಾ ಗಿಡಗಳ ನೆರಳಿಗೆ, ಸೇತುವೆಯ ಕಂಬಕ್ಕೆ, ಕುದ್ರುವಿನ ಕಲ್ಲುಕಟ್ಟೆಯ ಬುಡಕ್ಕೆ ಇಪ್ಪತ್ತು ಇಪ್ಪತ್ತೈದು ಮೀಟರಿನ ಎಸೆತ ಸಾಕು. ಅಲ್ಲಿ ಬೇಕಾದ್ದು ಒಂದು ಮೊಳದಷ್ಟು ಜಾಗಕ್ಕೆ ಮತ್ತೆ ಮತ್ತೆ ಗುರಿ ಹಿಡಿಯುವ ಧೈರ್ಯ. ಗಂಟು ಬೀಳುತ್ತದೆ ಎಂಬ ಹೆದರಿಕೆ ಇರುವವನ ಕೈಗೆ ಆ ಗುರಿ ಬರುವುದಿಲ್ಲ.

ಹಾಗೆಂದು ಸೆಂಟ್ರಿಫ್ಯೂಗಲ್ ಬ್ರೇಕನ್ನು ಕೀಳು ಎನ್ನುವವನಲ್ಲ ನಾನು. ಘಟ್ಟ ಹತ್ತಿದರೆ ಲೆಕ್ಕ ಬದಲಾಗುತ್ತದೆ. ಬಯಲುಸೀಮೆಯ ಕೆರೆಗಳಲ್ಲಿ, ತಾವರೆ ಎಲೆ ಮತ್ತು ಜೊಂಡಿನ ನಡುವೆ ಕೊರವ ಮೀನಿಗೆ ರಬ್ಬರಿನ ಕಪ್ಪೆ ಎಸೆಯುವವರನ್ನು ನೋಡಿ. ಕಪ್ಪೆ ತೂಕದ್ದು, ದುಂಡಗಿನದು. ಮುಂಜಾನೆ ಗಾಳಿ ಇಲ್ಲ. ಕೆರೆಯ ಏರಿಯಿಂದ ಆಚೆಯ ಜೊಂಡಿನವರೆಗೆ ದೂರಕ್ಕೆ ತಲುಪಬೇಕು. ಅಲ್ಲಿ ಶುರುವಿನ ಜೋರಿನ ಎಳೆತವನ್ನು ಅಮುಕಿ ಹಿಡಿದು, ಆಮೇಲೆ ಸ್ಪೂಲನ್ನು ಸ್ವತಂತ್ರವಾಗಿ ಬಿಡುವ ಸೆಂಟ್ರಿಫ್ಯೂಗಲ್ ಬ್ರೇಕೇ ಸರಿ. ಒಮ್ಮೆ ಲೂರಿನ ತೂಕಕ್ಕೆ ಹೊಂದಿಸಿಟ್ಟರೆ ಮತ್ತೆ ಮತ್ತೆ ಮುಟ್ಟುವ ಅಗತ್ಯವಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ಕೆಲಸ ಮಾಡುತ್ತ, ರಜೆ ಸಿಕ್ಕಾಗ ಅಲ್ಲಿನ ಕೆರೆಗಳಿಗೆ ಹೋಗುವ ನಮ್ಮೂರ ಹುಡುಗರಿಗೆ ನಾನು ಅದನ್ನೇ ಹೇಳುತ್ತೇನೆ. ಅವರೇ ಊರಿಗೆ ಬಂದು ಅದೇ ರೀಲನ್ನು ಗಂಗೊಳ್ಳಿಯಲ್ಲಿ ಎಸೆದಾಗ ಗಂಟಾದರೆ ರೀಲನ್ನು ದೂರಬಾರದು. ನೀರು ಬದಲಾಗಿದೆ, ಗಾಳಿ ಬದಲಾಗಿದೆ.

ಇನ್ನು ಡಿಜಿಟಲ್ ಬ್ರೇಕ್. ಜಪಾನಿನ ಶಿಮಾನೋ ಕಂಪನಿಯ ಡಿಸಿ ರೀಲುಗಳಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇದೆ. ಸ್ಪೂಲ್ ತಿರುಗಿದಾಗ ಹುಟ್ಟುವ ವಿದ್ಯುತ್ತಿನಿಂದಲೇ ಅದು ನಡೆಯುತ್ತದೆ, ಬ್ಯಾಟರಿ ಬೇಡ. ಸೆಕೆಂಡಿಗೆ ಸಾವಿರ ಸಲ ಸ್ಪೂಲಿನ ವೇಗ ಅಳೆದು, ಆಗಾಗಿನ ಅಗತ್ಯಕ್ಕೆ ತಕ್ಕಷ್ಟು ತಡೆ ಒಡ್ಡುತ್ತದೆ. ಎಸೆದಾಗ ಸಣ್ಣಗೆ ಶಿಳ್ಳೆ ಹಾಕಿದಂಥ ಸದ್ದು ಬರುತ್ತದೆ. ಯಾಂತ್ರಿಕ ಕೆಲಸ ಬಲ್ಲವನಾಗಿ ಹೇಳುತ್ತೇನೆ, ಅದನ್ನು ಮಾಡಿದವರ ಬುದ್ಧಿಗೆ ಕೈ ಮುಗಿಯಬೇಕು. ದುಬೈಯಲ್ಲಿರುವ ಅಣ್ಣ ತಮ್ಮನಿಗೆ ಅಂಥದ್ದೊಂದು ತಂದುಕೊಟ್ಟರೆ ಬೇಡವೆನ್ನಬೇಕಾಗಿಲ್ಲ. ಆದರೆ ಸ್ವಂತ ದುಡಿಮೆಯ ಹಣ ಕೂಡಿಸಿ ರೀಲು ಕೊಳ್ಳುವ ಹುಡುಗ ಕೇಳಿದರೆ ನಾನು ಬೇಡ ಎನ್ನುತ್ತೇನೆ. ಸಾಮಾನ್ಯ ರೀಲಿನ ಹಲವು ಪಟ್ಟು ಬೆಲೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆ ಸರ್ಕೀಟನ್ನು ನೀರು ಹೋಗದಂತೆ ಮುಚ್ಚಿ ಅಂಟಿಸಿರುತ್ತಾರೆ. ಹಾಗೆ ಮುಚ್ಚಲೇಬೇಕು, ತಪ್ಪಲ್ಲ. ಆದರೆ ಅದು ನಿಂತುಹೋದ ದಿನ ಕುಂದಾಪುರದಲ್ಲಾಗಲೀ ಉಡುಪಿಯಲ್ಲಾಗಲೀ ನನ್ನಂಥ ರಿಪೇರಿಯವನು ಮಾಡಬಹುದಾದ್ದು ಏನೂ ಇಲ್ಲ. ಇಡೀ ಭಾಗವನ್ನೇ ಬದಲಿಸಬೇಕು. ಬಿಲ್ಲೆ ಸವೆದರೆ ಬಿಲ್ಲೆ ಹಾಕಬಹುದು, ಆಯಸ್ಕಾಂತ ತುಕ್ಕು ಹಿಡಿದರೆ ಆಯಸ್ಕಾಂತ ಹಾಕಬಹುದು. ಊರಲ್ಲಿ ಬಿಚ್ಚಿ ಸರಿಮಾಡಬಹುದಾದ ವಸ್ತುವನ್ನು ಊರಿನವರು ಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಉಪ್ಪುಗಾಳಿಯ ಊರಲ್ಲಿ ಈ ಮಾತಿಗೆ ತೂಕ ಹೆಚ್ಚು.

ಉಪ್ಪಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಸೆಂಟ್ರಿಫ್ಯೂಗಲ್ ಬ್ರೇಕಿನ ಜೀವ ಇರುವುದು ಬಿಲ್ಲೆ ಉಜ್ಜುವ ಬಳೆಯಲ್ಲಿ. ಅದರ ಮೇಲೆ ಉಪ್ಪಿನ ಹರಳು ಕೂತರೆ ಹಿಡಿತ ಹೆಚ್ಚುತ್ತದೆ, ಬೇರಿಂಗಿಗೆ ಬಿಟ್ಟ ಎಣ್ಣೆ ಒಂದು ತೊಟ್ಟು ಅಲ್ಲಿಗೆ ಹರಿದರೆ ಹಿಡಿತವೇ ಹೋಗುತ್ತದೆ. ನಿನ್ನೆ ಚೆನ್ನಾಗಿದ್ದ ರೀಲು ಇಂದು ಗಂಟು ಹಾಕುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ. ಶುಭ್ರ ಬಟ್ಟೆಯಿಂದ ಬಳೆ ಒರೆಸಿದರೆ ಅರ್ಧ ದೂರು ಮುಗಿಯುತ್ತದೆ. ಮ್ಯಾಗ್ನೆಟ್ ಬ್ರೇಕಿಗೆ ಈ ಕಾಟವಿಲ್ಲ, ಬೇರೆ ಕಾಟವಿದೆ. ಕಡಲ ದಂಡೆಯ ಮರಳಿನಲ್ಲಿ ಆಯಸ್ಕಾಂತಕ್ಕೆ ಅಂಟುವ ಕಪ್ಪು ಕಣಗಳಿರುತ್ತವೆ. ರೀಲನ್ನು ಮರಳಿನ ಮೇಲೆ ಇಟ್ಟರೆ ಆ ಕಣಗಳು ಒಳಗೆ ಸೇರಿ ಆಯಸ್ಕಾಂತದ ಮೇಲೆ ಗಡ್ಡದ ಹಾಗೆ ಬೆಳೆದು ಸ್ಪೂಲನ್ನು ಗೀಚುತ್ತವೆ. ಆಯಸ್ಕಾಂತದ ಮೇಲಿನ ಲೇಪ ಒಂದು ಕಡೆ ಸಿಡಿದರೂ ತುಕ್ಕು ಬೇಗ ಹಬ್ಬುತ್ತದೆ. ಹಾಗಾಗಿ ರೀಲನ್ನು ಮರಳಿನ ಮೇಲೆ ಇಡಬೇಡಿ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ನಲ್ಲಿಯ ಕೆಳಗೆ ಜೋರಾಗಿ ನೀರು ಬಿಟ್ಟರೆ ಉಪ್ಪು ಇನ್ನೂ ಒಳಕ್ಕೇ ಹೋಗುತ್ತದೆ.

ಯಾವ ಬ್ರೇಕ್ ಕೊಂಡರೂ ಅದನ್ನು ಹೊಂದಿಸುವ ಕ್ರಮ ತಿಳಿಯದಿದ್ದರೆ ಕೊಂಡ ಹಣ ನೀರಿಗೆ. ಹಿಡಿಕೆಯ ಕಡೆ ಇರುವ ಸಣ್ಣ ತಿರುಪು ಸ್ಪೂಲಿನ ಅಚ್ಚನ್ನು ಒತ್ತುತ್ತದೆ. ಕೋಲನ್ನು ಎದುರಿಗೆ ಚಾಚಿ ಗುಂಡಿ ಒತ್ತಿದಾಗ ಲೂರ್ ನಿಧಾನವಾಗಿ ಇಳಿಯಬೇಕು, ನೆಲ ತಾಗಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಅಷ್ಟಾಗುವವರೆಗೆ ಆ ತಿರುಪು ಬಿಗಿ ಮಾಡಿ. ಲೂರ್ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ನೋಡಿ. ಆಮೇಲೆ ಮ್ಯಾಗ್ನೆಟ್ ಚಕ್ರವನ್ನು ಪೂರ್ತಿ ಮೇಲಕ್ಕೆ ಇಟ್ಟು ಎಸೆಯಿರಿ. ಸಲೀಸಾಗಿ ಹೋದರೆ ಒಂದು ಮನೆ ಇಳಿಸಿ, ಮತ್ತೆ ಎಸೆಯಿರಿ. ಸ್ಪೂಲಿನ ಮೇಲೆ ದಾರ ಸ್ವಲ್ಪ ಉಬ್ಬತೊಡಗಿತೋ, ಒಂದು ಮನೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲಿಸಿ. ಏಳು ಗ್ರಾಂಗಿಂತ ಹಗುರಾದ ಲೂರನ್ನು ಸಾಮಾನ್ಯ ಬೈಟ್‌ಕಾಸ್ಟಿಂಗ್ ರೀಲಿನಲ್ಲಿ ಎಸೆಯಲು ಒದ್ದಾಡಬೇಡಿ. ಸ್ಪೂಲಿನ ಭಾರವನ್ನು ತಿರುಗಿಸುವಷ್ಟು ಎಳೆತ ಅದಕ್ಕಿರುವುದಿಲ್ಲ. ಅದಕ್ಕೆ ಸ್ಪಿನ್ನಿಂಗ್ ರೀಲೇ ಇದೆ.

ಹೆಬ್ಬೆರಳನ್ನು ಮಾತ್ರ ಮರೆಯಬೇಡಿ. ಭಾರತದ ಗಾಳಗಾರಿಕೆಯ ಬಗ್ಗೆ ಬಂದ ಆರಂಭದ ದೊಡ್ಡ ಪುಸ್ತಕಗಳಲ್ಲಿ ಒಂದಾದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಬರೆದವರು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್. ಆ ಕಾಲದ ಗಾಳಗಾರರಿಗೆ ಆಯಸ್ಕಾಂತವೂ ಇರಲಿಲ್ಲ, ಬಿಲ್ಲೆಯೂ ಇರಲಿಲ್ಲ, ಬೆರಳಿನ ಹಿಡಿತವೇ ಎಲ್ಲ. ಇಂದಿನ ಯಾವ ಬ್ರೇಕಿಗೂ ನೀರು ಎಲ್ಲಿದೆ ಎಂದು ಕಾಣುವುದಿಲ್ಲ. ಲೂರ್ ನೀರು ಮುಟ್ಟುವ ಕ್ಷಣ ಗೊತ್ತಾಗುವುದು ನಿಮ್ಮ ಕಣ್ಣಿಗೆ, ಆಗ ಸ್ಪೂಲನ್ನು ನಿಲ್ಲಿಸಬೇಕಾದ್ದು ನಿಮ್ಮ ಹೆಬ್ಬೆರಳು. ಹೊಸ ರೀಲು ಕೊಂಡವರು ಮೊದಲು ಗದ್ದೆ ಬಯಲಲ್ಲೋ ಶಾಲೆಯ ಮೈದಾನದಲ್ಲೋ, ಗಾಳದ ಮುಳ್ಳು ತೆಗೆದು ಸೀಸದ ಗುಂಡು ಕಟ್ಟಿ ಎಸೆದು ಕಲಿಯಬೇಕು. ಬೆರಳಿಗೆ ಅಭ್ಯಾಸವಾದ ಮೇಲೆ ಹೊಳೆಗೆ ಹೋದರಾಯಿತು.

ಇಷ್ಟು ಒತ್ತಿ ಹೇಳುವುದು ಯಾಕೆಂದರೆ, ಗಂಟಾದ ದಾರದ ಗತಿ ಏನಾಗುತ್ತದೆ ಎಂದು ದಿನವೂ ನೋಡುತ್ತಿದ್ದೇನೆ. ಸಂಜೆ ಬೆಳಕು ಹೋಗುತ್ತಿರುತ್ತದೆ, ನೀರು ಏರುತ್ತಿರುತ್ತದೆ, ಮೀನು ಆಡುವ ಹೊತ್ತು ಅದೇ. ಗಂಟು ಬಿಡಿಸುವ ತಾಳ್ಮೆ ಯಾರಿಗಿದೆ? ಚಾಕು ತೆಗೆದು ಕೊಯ್ದು, ಆ ಗಂಟನ್ನು ದಂಡೆಗೆ ಎಸೆಯುತ್ತಾರೆ. ಹತ್ತು ಇಪ್ಪತ್ತು ಮೀಟರ್ ತಂಗೂಸು ಕಲ್ಲಿನ ಸಂದಿಯಲ್ಲಿ, ಕಾಂಡ್ಲಾ ಬೇರಿನಲ್ಲಿ ಉಳಿಯುತ್ತದೆ. ನೈಲಾನ್ ಕೊಳೆಯುವ ವಸ್ತುವಲ್ಲ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲೇ ಇರುತ್ತದೆ. ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಮರದಲ್ಲಿ ಕೂತ ಗರುಡನ ರೆಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಕೋಡಿಯ ದಂಡೆಗೆ ಮೊಟ್ಟೆ ಇಡಲು ಕಡಲಾಮೆ ಬರುತ್ತದೆ, ಅದರ ದಾರಿಯಲ್ಲೂ ಇದೇ ದಾರ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ ನಿಂತು ಕಪ್ಪೆಚಿಪ್ಪು ಆಯುವ ಹೆಂಗಸರು ಕಾಲಡಿಯ ಕೆಸರಿನಲ್ಲಿ ದಾರವನ್ನೂ ಅದರ ತುದಿಯ ಮುಳ್ಳನ್ನೂ ತುಳಿಯುತ್ತಾರೆ. ನಾಡದೋಣಿಯ ಎಂಜಿನ್ನಿನ ಪಂಕಕ್ಕೆ ಅದು ಸುತ್ತಿಕೊಂಡು ಒಳಗಿನ ಸೀಲ್ ಹಾಳಾದರೆ ಆ ದಿನದ ದುಡಿಮೆ ಹೋದಂತೆಯೇ. ಹವ್ಯಾಸಕ್ಕೆ ಗಾಳ ಹಾಕ ಬಂದವನು ಬಿಟ್ಟುಹೋದ ಗಂಟಿನ ಬೆಲೆಯನ್ನು ಹೊಳೆಯಲ್ಲೇ ಬದುಕು ಮಾಡುವವರು ತೆರುತ್ತಾರೆ. ಇದು ನ್ಯಾಯವಲ್ಲ.

ಗಂಟನ್ನು ಕೊಯ್ಯುವ ಮೊದಲು ಒಂದು ಉಪಾಯ ಮಾಡಿ ನೋಡಿ. ಸ್ಪೂಲಿನ ಮೇಲೆ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಹಿಡಿಕೆಯನ್ನು ಕೆಲವು ಸುತ್ತು ತಿರುಗಿಸಿ. ಆಮೇಲೆ ಗುಂಡಿ ಒತ್ತಿ ದಾರವನ್ನು ಮೆಲ್ಲಗೆ ಎಳೆಯಿರಿ. ಎಲ್ಲಿ ಸಿಕ್ಕಿತೋ ಅಲ್ಲಿ ಮತ್ತೆ ಹಾಗೇ ಮಾಡಿ. ಬೆರಳಿನ ಒತ್ತಡಕ್ಕೆ ಸಿಕ್ಕಿಕೊಂಡ ಸುರುಳಿಗಳು ಸಡಿಲಾಗಿ, ಕತ್ತರಿಸಲೇಬೇಕು ಅನಿಸಿದ ಎಷ್ಟೋ ಗಂಟುಗಳು ಬಿಚ್ಚಿಕೊಳ್ಳುತ್ತವೆ. ಅದಾಗದೆ ಕತ್ತರಿಸಿದರೆ ಆ ದಾರ ನಿಮ್ಮ ಜೇಬಿನಲ್ಲಿ ಮನೆಗೆ ಬರಬೇಕು, ಸಣ್ಣ ಸಣ್ಣದಾಗಿ ತುಂಡರಿಸಿ ಒಣ ಕಸಕ್ಕೆ ಹೋಗಬೇಕು.

ಗಾಳಗಾರರಿಗೆ ಬುದ್ಧಿ ಹೇಳಿದರೆ ಮಾತ್ರ ಸಾಲದು. ರೀಲು ಮಾರುವವರು ಮೂರು ವಿಷಯಗಳನ್ನು ಕೊಳ್ಳುವವರಿಗೆ ಹೇಳಲೇಬೇಕು: ಬ್ರೇಕ್ ಯಾವ ಬಗೆಯದು, ಎಷ್ಟು ಹಗುರಾದ ಲೂರನ್ನು ಇದು ಎಸೆಯಬಲ್ಲದು, ಬಿಲ್ಲೆ ಮುಚ್ಚಳ ಬೇರಿಂಗುಗಳು ಬಿಡಿಯಾಗಿ ಸಿಗುತ್ತವೆಯೇ. “ಇದರಲ್ಲಿ ಹನ್ನೆರಡು ಬೇರಿಂಗ್” ಎಂಬ ಮಾತಿನಿಂದ ಹುಡುಗನ ಎಸೆತ ಸುಧಾರಿಸುವುದಿಲ್ಲ. ಬಿಡಿಭಾಗಗಳ ವಿಷಯದಲ್ಲಿ ಸರ್ಕಾರವೂ ಗಮನ ಕೊಡಬಹುದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತು, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕು ವಲಯಗಳನ್ನು ಮೊದಲಿಗೆ ಆರಿಸಿಕೊಂಡಿತು. ರೀಲಿನಂಥ ಸಣ್ಣ ಯಂತ್ರಗಳಿಗೂ ಅದೇ ನ್ಯಾಯ ಬೇಕು. ಒಂದು ಪ್ಲಾಸ್ಟಿಕ್ ಬಿಲ್ಲೆ ಸಿಗಲಿಲ್ಲವೆಂದು ಇಡೀ ರೀಲು ಗುಜರಿಗೆ ಹೋಗುವುದನ್ನು ನೋಡುವಾಗ ರಿಪೇರಿಯನ್ನೇ ಬದುಕು ಮಾಡಿಕೊಂಡವನಿಗೆ ಸಂಕಟವಾಗುತ್ತದೆ.

ಎರಡನೆಯ ಕೆಲಸ ನಮ್ಮ ಪಂಚಾಯತು ಮತ್ತು ಪುರಸಭೆಗಳದ್ದು. ಅಮೆರಿಕದ ಫ್ಲೋರಿಡಾದಲ್ಲಿ ಗಾಳ ಹಾಕುವ ಸೇತುವೆ, ದೋಣಿಕಟ್ಟೆಗಳಲ್ಲಿ ಪಿವಿಸಿ ಪೈಪಿನ ತುಂಡನ್ನು ಕಂಬಕ್ಕೆ ಕಟ್ಟಿರುತ್ತಾರೆ. ಹಾಳಾದ ದಾರವನ್ನು ಅದರೊಳಗೆ ತುರುಕಿದರಾಯಿತು. ಸ್ವಯಂಸೇವಕರು ಆಗಾಗ ಖಾಲಿ ಮಾಡಿ ಮರುಬಳಕೆಗೆ ಕಳಿಸುತ್ತಾರೆ. ಇಲ್ಲಿ ಅದಕ್ಕೆ ಬೇಕಾದ್ದು ಅಂಗೈ ಅಗಲದ ಪೈಪು, ಬಾಗಿದ ಒಂದು ಮೂತಿ, ಕೆಳಗೊಂದು ಮುಚ್ಚಳ, ಕನ್ನಡದಲ್ಲಿ ಬರೆದ ಒಂದು ಫಲಕ. ಪ್ಲಂಬಿಂಗ್ ಕೆಲಸದ ಯಾರಾದರೂ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಗಂಗೊಳ್ಳಿ, ಕೋಡಿ, ಹೆಮ್ಮಾಡಿ, ಮರವಂತೆಯಲ್ಲಿ ಜನ ಗಾಳ ಹಾಕುವ ಜಾಗಗಳು ಎಲ್ಲರಿಗೂ ಗೊತ್ತು. ಮುಂದಿನ ಮಳೆಗಾಲ ಮುಗಿಯುವ ಮೊದಲು ಅಲ್ಲೆಲ್ಲ ಒಂದೊಂದು ಪೈಪು ನಿಲ್ಲಬೇಕು. ಒಂದನ್ನು ಮಾಡಿಸಿ, ಅದನ್ನು ಖಾಲಿ ಮಾಡುವ ಹೊಣೆಯನ್ನೂ ಹೊರಲು ನಾನು ಸಿದ್ಧನಿದ್ದೇನೆ. ಪಂಚಾಯತು ಜಾಗ ತೋರಿಸಿದರೆ ಸಾಕು.

ರೀಲು ಕೊಳ್ಳಲು ಹೊರಟ ತಮ್ಮಂದಿರಿಗೆ, ತಂಗಿಯರಿಗೆ ಕೊನೆಯದಾಗಿ ಹೇಳುವುದಿಷ್ಟು. ಅಂಗಡಿಗೆ ಹೋಗುವ ಮೊದಲು ನೀವು ಗಾಳ ಹಾಕುವ ಜಾಗದಲ್ಲಿ ಒಂದು ಸಂಜೆ ಕೋಲಿಲ್ಲದೆ ನಿಂತು ನೋಡಿ. ಗಾಳಿ ಎತ್ತಣಿಂದ ಬರುತ್ತದೆ, ಮೀನು ಎಷ್ಟು ದೂರದಲ್ಲಿ ಆಡುತ್ತದೆ, ಯಾವ ತೂಕದ ಲೂರ್ ಅಲ್ಲಿಗೆ ಬೇಕು ಎಂದು ಗಮನಿಸಿ. ಗಾಳಿ ಎದುರಿಗಿದ್ದು ಲೂರ್ ಹಗುರಾಗಿದ್ದರೆ ಮ್ಯಾಗ್ನೆಟ್. ಗಾಳಿಯಿಲ್ಲದ ಕೆರೆಯಲ್ಲಿ ಭಾರದ ಲೂರನ್ನು ದೂರಕ್ಕೆ ಎಸೆಯಬೇಕಿದ್ದರೆ ಸೆಂಟ್ರಿಫ್ಯೂಗಲ್. ಎರಡರಲ್ಲಿ ಯಾವುದೇ ಆದರೂ ನಿಮ್ಮ ಊರಲ್ಲಿ ಬಿಚ್ಚಿ ಸರಿಮಾಡಲು ಬರುವಂಥದ್ದೇ ಇರಲಿ. ಉಳಿದ ಹಣದಲ್ಲಿ ಒಳ್ಳೆಯ ದಾರ ಕೊಳ್ಳಿ, ಮೈದಾನದಲ್ಲಿ ಬೆರಳು ಪಳಗಿಸಿ. ನೀವು ಎಸೆದ ಪ್ರತಿ ಮೀಟರ್ ದಾರವೂ ಮತ್ತೆ ನಿಮ್ಮ ಸ್ಪೂಲಿಗೇ ಬರುವಂತೆ ನೋಡಿಕೊಳ್ಳಿ. ಒಳ್ಳೆಯ ಗಾಳಗಾರನನ್ನು ನಾನು ಅಳೆಯುವುದು ಅವನು ಹಿಡಿದ ಮೀನಿನ ಗಾತ್ರಕ್ಕಿಂತ ಮೊದಲು ಇದರಿಂದಲೇ.